ಎರಡು ಸಾವಿರದ ರೂಟರ್, ಬ್ರೌಸರಲ್ಲೇ ಸೆಟಪ್: ಮಂಗಳೂರಿನ ಹಳೇ ಮನೆಯಲ್ಲಿ ಹೇಗುಂಟು

ಮೊದಲೇ ಹೇಳಿ ಬಿಡ್ತೇನೆ, ಐದರಲ್ಲಿ ನಾಲ್ಕು ಸ್ಟಾರ್. ನಾಲ್ಕೂ ಇದರ ಬ್ರೌಸರ್ ಪೇಜಿಗೆ ಕೊಟ್ಟದ್ದು, ಸ್ಪೀಡ್ ಎಲ್ಲ ಈ ರೇಟಿನ ಯಾವ ರೂಟರಲ್ಲೂ ಅಷ್ಟೇ. ಆ್ಯಪ್ ಹಾಕದೆ, ಅಕೌಂಟ್ ಓಪನ್ ಮಾಡದೆ, ಫೋನ್ ನಂಬರ್ ಕೊಡದೆ ಇದರ ಪೂರ್ತಿ ಸೆಟಪ್ ಮುಗಿಸ್ಲಿಕ್ಕೆ ಆಗ್ತದೆ. ಈಗ ಬಲ್ಬಿಗೂ ಆ್ಯಪ್, ಫ್ಯಾನಿಗೂ ಆ್ಯಪ್, ಆ ಆ್ಯಪಿಗೆ ಲೊಕೇಶನ್ ಪರ್ಮಿಷನ್ ಬೇರೆ, ಅಂಥದ್ದರಲ್ಲಿ ಒಂದು ವಸ್ತು ಸುಮ್ಮನೆ ತನ್ನ ಪೇಜ್ ತೆರೆದಿಟ್ಟು ಎಂತ ಬೇಕೋ ಮಾಡ್ಕೊಳ್ಳಿ ಅಂತ ಬಿಟ್ರೆ ಖುಷಿ ಆಗ್ತದೆ ಮಾರ್ರೆ. ಕಂಪನಿ ಹೆಸರು ಬೇಕೂಂತಲೇ ಹಾಕ್ಲಿಲ್ಲ, ಕೆಳಗೆ ಸ್ವಲ್ಪ ಬೈದಿದ್ದೇನೆ, ಮತ್ತೆ ಈ ರೇಟಿನ ನಾಲ್ಕೈದು ಕಂಪನಿದ್ದೂ ಹೆಚ್ಚುಕಡಿಮೆ ಹೀಗೇ ಇರುದು, ಮೆನುವಿನ ಹೆಸರು ಮಾತ್ರ ಆಚೀಚೆ.

ರೂಟರ್ ಎಸಿ1200 ಕ್ಲಾಸಿಂದು, ಅಂದ್ರೆ ವೈಫೈ 5. ಹಂಪನಕಟ್ಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತಗೊಂಡದ್ದು, ಎರಡು ಸಾವಿರ ಚಿಲ್ಲರೆ ಆಯ್ತು. ಡಬ್ಬದ ಮೇಲೆ 1200 ಅಂತ ದೊಡ್ಡಕ್ಕೆ ಬರ್ದದ್ದು ನೋಡಿ 1200 ಎಂಬಿಪಿಎಸ್ ಬರ್ತದೆ ಅಂತ ಎಣಿಸ್ಬೇಡಿ, ಅದು ವೈಫೈ ಓಡುವ ಎರಡು ಬ್ಯಾಂಡಿಂದು, 2.4 ಗಿಗಾಹರ್ಟ್ಸಿನ 300 ಮತ್ತು 5 ಗಿಗಾಹರ್ಟ್ಸಿನ 867 ಕೂಡಿಸಿ ಮೇಲಕ್ಕೆ ರೌಂಡ್ ಮಾಡಿದ್ದು, ನಿಮ್ಮ ಫೋನ್ ಒಂದು ಹೊತ್ತಿಗೆ ಒಂದೇ ಬ್ಯಾಂಡಲ್ಲಿ ಇರುದು, ಅದರಲ್ಲೂ ಪೇಪರಿನ ಲೆಕ್ಕದ ಅರ್ಧ ಸಿಕ್ಕಿದ್ರೆ ಪುಣ್ಯ. ಅದಕ್ಕಿಂತ ಮುಖ್ಯ ನೋಡ್ಬೇಕಾದ್ದು ಹಿಂದಿನ ಪೋರ್ಟ್. ಇದೇ ಎಸಿ1200 ಹೆಸರಲ್ಲಿ ಇನ್ನೂ ಅಗ್ಗದ್ದು ಬರ್ತದೆ, ಅದರ ಪೋರ್ಟ್ ಬರೀ 10/100, ಅಂದ್ರೆ ಹೆಚ್ಚೆಂದ್ರೆ 100 ಎಂಬಿಪಿಎಸ್, ನೀವು 200 ಎಂಬಿಪಿಎಸ್ ಪ್ಲ್ಯಾನ್ ಹಾಕಿಸ್ಕೊಂಡ್ರೂ ಒಳಗೆ ಬರುದು 95ರ ಹತ್ರ, ವೈಫೈ ಎಷ್ಟು ಫಾಸ್ಟ್ ಇದ್ರೆ ಎಂತ, ಬಾಗಿಲೇ ಸಣ್ಣದು. ಡಬ್ಬದಲ್ಲಿ ಗಿಗಾಬಿಟ್ (1000 ಎಂಬಿಪಿಎಸ್ ಪೋರ್ಟ್) ಅಂತ ಇದ್ದದ್ದನ್ನೇ ಕೇಳಿ ತಗೊಳ್ಳಿ. ಅಂಗಡಿಯವರು "ಎಲ್ಲ ಸೇಮ್ ಸರ್" ಅಂತಾರೆ, ಸೇಮ್ ಅಲ್ಲ.

ನಮ್ಮದು ಮಣ್ಣಗುಡ್ಡ ಕಡೆ ಹಳೇ ಹಂಚಿನ ಮನೆ, ಕೆಂಪು ಕಲ್ಲಿನ ಗೋಡೆ, ಅಡಿಗಿಂತ ಮೇಲೆ ದಪ್ಪ. ಇಂಟರ್ನೆಟಿನವರು ಫೈಬರ್ ಎಳೆದು ಚಾವಡಿಯ ಮೂಲೆಯಲ್ಲಿ ಅವರ ಬಿಳಿ ಬಾಕ್ಸ್ ಕೂರಿಸಿ ಹೋಗಿದ್ದಾರೆ, ಅದರ ವೈಫೈ ಬರೀ 2.4, ಅಡಿಗೆ ಕೋಣೆಗೆ ಮುಟ್ಟುವಾಗ ಎರಡು ಕಡ್ಡಿ, ಹಿಂದಿನ ಕೋಣೆಯಲ್ಲಿ ಅಮ್ಮ ಧಾರಾವಾಹಿ ನೋಡುವಲ್ಲಿ ಚಕ್ರ ತಿರುಗ್ತಾನೇ ಇರುದು. ಹಾಗಾಗಿ ಅಟ್ಟದ ಮೇಲಿಂದ ಒಂದು ಲ್ಯಾನ್ ಕೇಬಲ್ ಎಳೆದು ಮನೆಯ ನಡುವಿನ ಪಡಸಾಲೆಯಲ್ಲಿ ಈ ರೂಟರ್ ಇಟ್ಟದ್ದು.

ಈಗ ಸೆಟಪ್. ಡಬ್ಬದಲ್ಲಿರುವ ಪೇಪರಿನ ಮೊದಲ ಪುಟ ಪೂರ್ತಿ ಆ್ಯಪಿನ ಕ್ಯೂಆರ್ ಕೋಡ್, ಬ್ರೌಸರಿನ ವಿಷಯ ಹಿಂದಿನ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಗೆರೆ. ಕ್ಯೂಆರ್ ಕೋಡ್ ಬಿಟ್ಹಾಕಿ. ಬಿಳಿ ಬಾಕ್ಸಿನ ಲ್ಯಾನ್ ಪೋರ್ಟಿಂದ ಬಂದ ಕೇಬಲ್ಲು ಹೊಸ ರೂಟರಿಗೆ ಇಂಟರ್ನೆಟ್ ಒಳಗೆ ಬರುವ ವ್ಯಾನ್ ಪೋರ್ಟಿಗೆ, ಅದು ಒಂದೇ ಇರುದು, ಬಣ್ಣವೂ ಬೇರೆ, ಉಳಿದ ನಾಲ್ಕರಲ್ಲಿ ಯಾವುದಕ್ಕಾದ್ರೂ ಲ್ಯಾಪ್‌ಟಾಪ್. ಲ್ಯಾಪ್‌ಟಾಪಲ್ಲಿ ಲ್ಯಾನ್ ಪೋರ್ಟೇ ಇಲ್ಲ ಅಂತಾದ್ರೆ, ಇಲ್ಲ ಫೋನಲ್ಲೇ ಮಾಡುದು ಅಂತಾದ್ರೆ, ರೂಟರನ್ನು ಕವುಚಿ ಹಾಕಿ ನೋಡಿ, ಅಡಿಯ ಸ್ಟಿಕ್ಕರಲ್ಲಿ ವೈಫೈ ಹೆಸರು ಪಾಸ್‌ವರ್ಡ್ ಎರಡೂ ಉಂಟು, ಅದಕ್ಕೆ ಕನೆಕ್ಟ್ ಆಗಿ. ಆದ್ರೆ ಫೋನಲ್ಲಿ ಮಾಡುವವರು ಮೊಬೈಲ್ ಡೇಟಾ ಆಫ್ ಮಾಡ್ಲೇಬೇಕು, ಯಾಕಂದ್ರೆ ಈ ವೈಫೈಯಲ್ಲಿ ಇನ್ನೂ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡ್ಲೇ ಫೋನು ತನ್ನ ಬುದ್ಧಿ ಉಪಯೋಗಿಸಿ ಡೇಟಾಕ್ಕೆ ಹಾರ್ತದೆ, ಆಮೇಲೆ ನೀವು ಎಷ್ಟು ಟೈಪ್ ಮಾಡಿದ್ರೂ ಪೇಜ್ ಬರುದಿಲ್ಲ, ರೂಟರೇ ಹಾಳು ಅಂತ ಅಂಗಡಿಗೆ ವಾಪಸ್ ಹಿಡ್ಕೊಂಡು ಹೋಗುವವರು ಹೆಚ್ಚಿನವರು ಇದೇ ಕೇಸು ಅಂತ ಅಂಗಡಿಯವರೇ ಹೇಳಿದ್ರು.

ಬ್ರೌಸರ್ ತೆಗೆದು ಮೇಲಿನ ಅಡ್ರೆಸ್ ಬಾರಲ್ಲಿ 192.168.0.1 ಅಂತ ಹೊಡೆದು ಎಂಟರ್. ಅಡ್ರೆಸ್ ಬಾರಲ್ಲೇ ಹೊಡೀಬೇಕು, ಗೂಗಲಿನ ಸರ್ಚ್ ಬಾಕ್ಸಲ್ಲಿ ಹೊಡೆದ್ರೆ ಬೇಡದ ಸೈಟುಗಳ ಲಿಸ್ಟ್ ಬರ್ತದೆ, ಅದರಲ್ಲಿ ಕೆಲವು ನೋಡ್ಲಿಕ್ಕೆ ಲಾಗಿನ್ ಪೇಜೇ ಅಂತ ಕಾಣ್ತದೆ, ಅಲ್ಲಿ ಪಾಸ್‌ವರ್ಡ್ ಹಾಕಿ ಬಿಟ್ಟೀರಿ. ಕೆಲವು ಕಂಪನಿಯದ್ದು 192.168.1.1. ಯಾವುದು ಅಂತ ಗೊತ್ತಿಲ್ಲಾಂದ್ರೆ ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಕಮಾಂಡ್ ಕೊಡಿ, ಡಿಫಾಲ್ಟ್ ಗೇಟ್‌ವೇ ಅಂತ ಬರುವ ನಂಬರೇ ಅದು, ಫೋನಲ್ಲಾದ್ರೆ ಕನೆಕ್ಟ್ ಆದ ವೈಫೈಯ ಡಿಟೇಲ್ಸ್ ಒಳಗೆ ಗೇಟ್‌ವೇ ಅಥವಾ ರೂಟರ್ ಅಂತ ಸಿಗ್ತದೆ. ಈ 192.168 ಸೀರೀಸ್ ಹೆಚ್ಚಿನವರ ಮನೆಯಲ್ಲೂ ಅದೇ ಇರುದು, ತೊಂಬತ್ತರ ದಶಕದಲ್ಲೇ ಅದನ್ನು ಮನೆ, ಆಫೀಸಿನ ಒಳಗಿನ ನೆಟ್‌ವರ್ಕಿಗೆ ಅಂತ ಬೇರೆ ತೆಗೆದಿಟ್ಟಿದ್ದಾರೆ, ಹೊರಗಿನ ಇಂಟರ್ನೆಟಲ್ಲಿ ಅದು ಓಡುದಿಲ್ಲ. ಹಾಗಾಗಿ ಕೊಟ್ಟಾರದಲ್ಲಿ ಕೂತವರು ಇದೇ ನಂಬರ್ ಹೊಡೆದ್ರೆ ಅವರ ರೂಟರ್ ತೆಗೀತದೆ ಹೊರತು ನಿಮ್ಮದು ತೆಗೀಲಿಕ್ಕಿಲ್ಲ, ಇದನ್ನು ಕೇಳಿ ಹೆದರುವವರು ತುಂಬಾ ಜನ ಇದ್ದಾರೆ ಅಂತ ಹೇಳ್ತಿದ್ದೇನೆ.

ಮತ್ತೆ ಆ ಕೆಂಪು ವಾರ್ನಿಂಗ್. ಪೇಜ್ ಬರುವ ಮೊದಲು ಬ್ರೌಸರ್ "ನಿಮ್ಮ ಕನೆಕ್ಷನ್ ಪ್ರೈವೇಟ್ ಅಲ್ಲ" ಅಂತ ಒಂದು ತೋರಿಸ್ತದೆ, ಅಪ್ಪ ಅಂತೂ ನೋಡಿ ಲ್ಯಾಪ್‌ಟಾಪೇ ಮುಚ್ಚಿಬಿಟ್ರು. ವಿಷಯ ಎಂತ ಅಂದ್ರೆ ಸೈಟುಗಳಿಗೆ ಇದು ಅಸಲಿ ಅಂತ ಸರ್ಟಿಫಿಕೇಟ್ ಕೊಡುವವರು ಹೊರಗೆ ಬೇರೆ ಇದ್ದಾರೆ, ಮನೆಯೊಳಗಿನ 192.168.0.1ಕ್ಕೆ ಅವರು ಕೊಡುದಿಲ್ಲ, ಅದಕ್ಕೆ ರೂಟರ್ ತನಗೆ ತಾನೇ ಬರ್ಕೊಂಡ ಸರ್ಟಿಫಿಕೇಟ್ ತೋರಿಸ್ತದೆ, ಬ್ರೌಸರ್ ಅದನ್ನು ಒಪ್ಪುದಿಲ್ಲ. ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ, ತೊಂದರೆ ಇಲ್ಲ. ಬ್ಯಾಂಕ್ ಸೈಟಲ್ಲಿ ಇದೇ ವಾರ್ನಿಂಗ್ ಬಂದ್ರೆ ಮಾತ್ರ ಮುಂದೆ ಹೋಗ್ಬೇಡಿ ಮತ್ತೆ.

ಒಳಗೆ ಹೋದ ಕೂಡ್ಲೇ ಮೊದಲು ಅಡ್ಮಿನ್ ಪಾಸ್‌ವರ್ಡ್ ಹೊಸತಾಗಿ ಇಡ್ಲಿಕ್ಕೆ ಹೇಳ್ತದೆ, ಇಡದೆ ಮುಂದೆ ಬಿಡುದಿಲ್ಲ. ಇದು ನನಗೆ ತುಂಬಾ ಇಷ್ಟ ಆಯ್ತು. ಹಳೇ ರೂಟರೆಲ್ಲ ಅಡ್ಮಿನ್, ಅಡ್ಮಿನ್ ಅಂತ ಬರ್ತಿತ್ತಲ್ಲ, ಹಾಕಿ ಹೋದವರೂ ಬದಲು ಮಾಡ್ತಿರ್ಲಿಲ್ಲ, ಮನೆಯವರಿಗೂ ಗೊತ್ತಿರ್ಲಿಲ್ಲ, ವೈಫೈ ಸಿಕ್ಕಿದ ಪಕ್ಕದ ಮನೆ ಹುಡುಗ ಒಳಗೆ ಹೋಗಿ ಆಟ ಆಡ್ಲಿಕ್ಕೆ ಅಷ್ಟು ಸಾಕಿತ್ತು. ಎಲ್ಲ ಪೀಸಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರ್ಬಾರ್ದು ಅಂತ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಕಾನೂನೇ ಉಂಟು, ಅಂಥದ್ದರ ಉಪಕಾರ ನಮಗೂ ಸಿಕ್ಕಿದೆ. ಈ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ನೆಂಟರಿಗೆ ಕೊಡುದು ಎರಡನೇದು ಮಾತ್ರ.

ಆಮೇಲೆ ಟೈಮ್‌ಝೋನ್ (5:30 ಇದ್ದದ್ದನ್ನು ಆರಿಸಿ, ಮುಂದೆ ಟೈಮರ್ ಎಲ್ಲ ಇದನ್ನು ನೋಡಿಯೇ ನಡೆಯುದು), ಆಮೇಲೆ ಎಲ್ಲರಿಗೂ ಮಂಡೆ ಬಿಸಿ ಆಗುವ ಪೇಜು, ಇಂಟರ್ನೆಟ್ ಕನೆಕ್ಷನ್ ಟೈಪ್. ಡೈನಾಮಿಕ್ ಐಪಿ, ಸ್ಟ್ಯಾಟಿಕ್ ಐಪಿ, ಪಿಪಿಪಿಒಇ, ಇನ್ನೆರಡು ಬೇರೆ. ಆಟೋ ಡಿಟೆಕ್ಟ್ ಅಂತ ಬಟನ್ ಉಂಟು, ಹೆಚ್ಚಿನವರಿಗೆ ಅದು ಸಾಕು. ಲೆಕ್ಕ ಹೀಗೆ: ನಿಮ್ಮ ಬಿಳಿ ಬಾಕ್ಸೇ ಇಂಟರ್ನೆಟಿಗೆ ಲಾಗಿನ್ ಆಗಿ ಕೂತಿದ್ರೆ ಹೊಸ ರೂಟರಿಗೆ ಡೈನಾಮಿಕ್ ಐಪಿ ಸಾಕು, ಏನೂ ತುಂಬಿಸ್ಲಿಕ್ಕಿಲ್ಲ. ಬಾಕ್ಸನ್ನು ಬ್ರಿಡ್ಜ್ ಮೋಡಿಗೆ (ತಾನು ಲಾಗಿನ್ ಆಗದೆ ಲೈನ್ ಮಾತ್ರ ದಾಟಿಸುದು) ಹಾಕಿದ್ರೆ ಲಾಗಿನ್ ಕೆಲಸ ರೂಟರಿಂದು, ಆಗ ಪಿಪಿಪಿಒಇ, ಯೂಸರ್‌ನೇಮ್ ಪಾಸ್‌ವರ್ಡ್ ಇಂಟರ್ನೆಟಿನವರೇ ಕೊಡ್ಬೇಕು, ಕೆಲವು ಕಡೆ ವಿಲ್ಯಾನ್ ಐಡಿ ಅಂತ ಅವರದ್ದೇ ಒಂದು ನಂಬರೂ ಬೇಕಾಗ್ತದೆ.

ಕೊಡ್ಬೇಕು ಅಂದೆ, ಕೊಡ್ತಾರಾ ಅಂತ ಕೇಳಿದ್ರೆ ಅದೇ ದೊಡ್ಡ ಉಪದ್ರ. ನಮ್ಮ ಇಂಟರ್ನೆಟಿನವರಿಗೆ ಫೋನ್ ಮಾಡಿದ್ರೆ "ನಿಮ್ಗೆ ಅದೆಲ್ಲ ಎಂತಕ್ಕೆ, ನಮ್ಮ ಹುಡುಗ ಬಂದು ಮಾಡಿ ಕೊಡ್ತಾನೆ" ಅಂತ, ಹುಡುಗ ಬರುವಾಗ ಮಳೆ, ಮಳೆ ಬಿಟ್ಟಾಗ ಹುಡುಗ ಸುರತ್ಕಲಲ್ಲಿ, ಕೊನೆಗೆ ಬಂದವನು ನಾನು ನೋಡ್ಬಾರ್ದು ಅಂತ ಲ್ಯಾಪ್‌ಟಾಪ್ ಆಚೆ ತಿರುಗಿಸಿ ಟೈಪ್ ಮಾಡ್ತಾನೆ ಮಾರ್ರೆ. ದುಡ್ಡು ಕೊಡುದು ನಾವು, ಕನೆಕ್ಷನ್ ನಮ್ಮ ಹೆಸರಲ್ಲಿ, ಯೂಸರ್‌ನೇಮ್ ಮಾತ್ರ ಮಹಾ ಗುಟ್ಟು. ಹೊಸ ಕನೆಕ್ಷನ್ ಹಾಕಿಸುವವರಿದ್ರೆ ಹಾಕುವ ದಿನವೇ ಇದನ್ನು ಕೇಳಿ ಬರ್ದಿಡಿ, ಪೇಮೆಂಟ್ ಮಾಡುವ ಮೊದಲು ಕೇಳಿದ್ರೆ ಬೇಗ ಸಿಗ್ತದೆ. ಕೆಲವು ಕಡೆ ಹಳೇ ರೂಟರಿನ ಮ್ಯಾಕ್ ಅಡ್ರೆಸ್ (ಅದರ ಗುರ್ತಿನ ನಂಬರ್) ಅವರ ಹತ್ರ ರಿಜಿಸ್ಟರ್ ಆಗಿರ್ತದೆ, ಹೊಸತು ಹಾಕಿದ ಕೂಡ್ಲೇ ನೆಟ್ ಬರುದಿಲ್ಲ, ಅದಕ್ಕೂ ಇದೇ ಪೇಜಲ್ಲಿ ಮ್ಯಾಕ್ ಕ್ಲೋನ್ ಅಂತ ಉಂಟು, ಹಳೇ ನಂಬರ್ ಅದರಲ್ಲಿ ಹೊಡೆದ್ರೆ ಆಯ್ತು.

ನಾನು ಕೊನೆಗೆ ಬ್ರಿಡ್ಜ್ ಗೊಡವೆ ಬಿಟ್ಟು ಡೈನಾಮಿಕ್ ಐಪಿಯಲ್ಲೇ ಇಟ್ಕೊಂಡೆ. ಹಾಗೆ ಮಾಡಿದ್ರೆ ರೂಟರ್ ಹಿಂದೆ ರೂಟರ್, ಡಬಲ್ ನ್ಯಾಟ್ ಅಂತಾರೆ, ಮನೆಯ ಸಿಸಿಟಿವಿಯನ್ನು ಪೋರ್ಟ್ ಫಾರ್ವರ್ಡ್ ಮಾಡಿ, ಅಂದ್ರೆ ರೂಟರಲ್ಲಿ ಒಳಗೆ ದಾರಿ ಬಿಟ್ಟು, ಹೊರಗಿಂದ ನೋಡುವವರಿಗೆ, ಕೆಲವು ಗೇಮಿಗೆ ಅದು ಕಿರಿಕಿರಿ. ಯೂಟ್ಯೂಬ್, ವಾಟ್ಸಾಪ್ ಕಾಲ್, ಆಫೀಸಿನ ವಿಪಿಎನ್ ಎಲ್ಲ ಆರಾಮ ನಡೀತದೆ. ಇಷ್ಟಕ್ಕೂ ಸುಮಾರು ಇಂಟರ್ನೆಟಿನವರು ಅವರ ಕಡೆಯಿಂದಲೇ ಒಂದು ಪಬ್ಲಿಕ್ ಐಪಿಯನ್ನು (ಹೊರಗಿನ ಇಂಟರ್ನೆಟಲ್ಲಿ ಕಾಣುವ ಅಡ್ರೆಸ್) ತುಂಬಾ ಮನೆಗೆ ಹಂಚಿರ್ತಾರೆ, ಅಂಥಲ್ಲಿ ಬ್ರಿಡ್ಜ್ ಮಾಡಿದ್ರೂ ಸಿಸಿಟಿವಿಗೆ ಉಪಕಾರ ಇಲ್ಲ. ಒಂದೇ ಜಾಗ್ರತೆ, ಬಾಕ್ಸು ರೂಟರು ಎರಡರದ್ದೂ 192.168.1.1 ಆದ್ರೆ ಜಗಳ. ಕೆಲವು ರೂಟರ್ ಅದನ್ನು ನೋಡಿ ತಾನೇ ನಂಬರ್ ಬದಲಿಸ್ಕೊಳ್ತದೆ, ಆಗ ಲಾಗಿನ್ ಪೇಜ್ ಸಡನ್ ಮಾಯ, ಮೊದಲು ಹೇಳಿದ ಗೇಟ್‌ವೇ ನಂಬರ್ ಇನ್ನೊಮ್ಮೆ ನೋಡಿ ಅದನ್ನು ಹೊಡೀರಿ. ನಮ್ಮಲ್ಲಿ ಬಾಕ್ಸ್ 1.1, ರೂಟರ್ 0.1, ಹಾಗಾಗಿ ಈ ರಗಳೆ ಬರ್ಲಿಲ್ಲ.

ವೈಫೈ ಪೇಜ್ ಚಂದ ಮಾಡಿದ್ದಾರೆ. ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಡುವ ಆಪ್ಷನ್ ಉಂಟು, ಹೊಸ ಫೋನ್‌ಗಳಿಗೆ ಒಳ್ಳೆದೇ, ಆದ್ರೆ ನಮ್ಮ ಹಳೇ ಪ್ರಿಂಟರ್, ಗೋಡೆಯ ಸ್ಮಾರ್ಟ್ ಪ್ಲಗ್ ಎಲ್ಲ 2.4 ಮಾತ್ರ ಗೊತ್ತಿರುವವು, ಅವುಗಳನ್ನು ಸೇರಿಸುವಾಗ ತಕರಾರು ಮಾಡ್ತದೆ, ಅದಕ್ಕೆ ಬೇರೆ ಬೇರೆ ಹೆಸರೇ ಇಟ್ಟೆ. ಚಾನೆಲ್ ಆಟೋ ಬಿಟ್ರೆ ನಡೀತದೆ. ನಮ್ಮ ಸುತ್ತ ಹಳೇ ಮನೆ ಕೆಡವಿ ಫ್ಲ್ಯಾಟ್ ಎಬ್ಬಿಸಿದ್ದಾರೆ, ಸ್ಕ್ಯಾನ್ ಮಾಡಿದ್ರೆ ವೈಫೈ ಹೆಸರುಗಳ ಜಾತ್ರೆ, 2.4ರಲ್ಲಿ ಒಂದಕ್ಕೊಂದು ತಾಗದೆ ಇರುವ ಚಾನೆಲ್ 1, 6, 11 ಮೂರೇ, ನಮ್ಮಲ್ಲಿ 11 ಖಾಲಿ ಕಂಡಿತು, ಅದಕ್ಕೆ ಫಿಕ್ಸ್ ಮಾಡಿದ ಮೇಲೆ ಹಿಂದಿನ ಕೋಣೆಯ ಚಕ್ರ ತಿರುಗುದು ನಿಂತಿದೆ. 2.4ರಲ್ಲಿ ಚಾನೆಲ್ ಅಗಲ 20ಕ್ಕೆ ಇಡಿ, 40ಕ್ಕೆ ಹಾಕಿದ್ರೆ ಪೇಪರಲ್ಲಿ ಡಬಲ್ ಸ್ಪೀಡು, ನಿಜದಲ್ಲಿ ಪಕ್ಕದವರ ಗಲಾಟೆಯೂ ಡಬಲ್. ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ3 (ವೈಫೈಯ ಹೊಸ ನಮೂನೆಯ ಬೀಗ) ಮಾತ್ರ ಅಂತ ಇಟ್ರೆ ಹಳೇ ಟಿವಿ, ಪ್ರಿಂಟರ್ ಸೇರುದಿಲ್ಲ, 2 ಮತ್ತು 3 ಮಿಕ್ಸ್ ಇರುದನ್ನು ಇಡಿ. ಪಾಸ್‌ವರ್ಡ್ ಹೊಡೆಯದೆ ಬಟನ್ ಇಲ್ಲ ಪಿನ್ನಲ್ಲಿ ವೈಫೈಗೆ ಸೇರುವ ಡಬ್ಲ್ಯುಪಿಎಸ್ ಅಂತ ಒಂದು ಉಂಟು, ಅದನ್ನು ಆಫ್ ಮಾಡಿ, ಅದರ ಎಂಟಂಕಿಯ ಪಿನ್ ಗಂಟೆಗಳಲ್ಲಿ ಒಡೀಬಹುದು ಅಂತ 2011ರಲ್ಲೇ ತೋರಿಸಿಕೊಟ್ಟಿದ್ದಾರೆ, ಇವರು ಇನ್ನೂ ಆನ್ ಮಾಡಿಯೇ ಕಳಿಸ್ತಾರೆ, ಯಾಕೋ.

ಪೇರೆಂಟಲ್ ಕಂಟ್ರೋಲ್ ಇದ್ದದ್ದಕ್ಕೆ ಅಕ್ಕ ಇದೇ ರೂಟರ್ ತಗೊಂಡ್ಲು, ರಾತ್ರಿ ಹತ್ತರ ಮೇಲೆ ಮಗನ ಫೋನಿಗೆ ನೆಟ್ ಬಂದ್ ಅಂತ ಟೈಮರ್ ಇಟ್ಲು, ಎರಡು ದಿನ ಚೆನ್ನಾಗಿ ನಡೀತು. ಆಮೇಲೆ ನೋಡಿದ್ರೆ ಅವನು ಹನ್ನೊಂದಕ್ಕೂ ರೀಲ್ಸ್ ನೋಡ್ತಾ ಬಿದ್ದಿದ್ದಾನೆ. ರೂಟರ್ ಫೋನನ್ನು ಗುರ್ತಿಸುದು ಮ್ಯಾಕ್ ಅಡ್ರೆಸಿಂದ, ಆಂಡ್ರಾಯ್ಡ್ 10ರಿಂದ ಈಚೆಗೆ, ಐಫೋನಲ್ಲಿ ಐಒಎಸ್ 14ರಿಂದ, ಫೋನು ನಿಜವಾದ ಮ್ಯಾಕ್ ಅಡಗಿಸಿ ಸುಳ್ಳು ನಂಬರ್ ಕೊಡ್ತದೆ, ಫೋನ್ ಸೆಟ್ಟಿಂಗಲ್ಲಿ ಅದನ್ನು ಆಚೀಚೆ ಮಾಡಿದ್ರೆ ರೂಟರ್ ಕಣ್ಣಿಗೆ ಅದು ಹೊಸ ಫೋನ್, ಟೈಮರ್ ಯಾರಿಗೆ? ಹತ್ತನೇ ಕ್ಲಾಸಿನ ಮಕ್ಕಳಿಗೆ ಇದೆಲ್ಲ ಬಾಯಿಪಾಠ. ಮಕ್ಕಳಿಗೆ ಅಂತಲೇ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ರಾತ್ರಿ ಆ ಇಡೀ ನೆಟ್‌ವರ್ಕನ್ನೇ ಆಫ್ ಮಾಡುದು ಈಗ ಅಕ್ಕನ ಉಪಾಯ, ಅದಕ್ಕೆ ಇದರಲ್ಲಿ ಟೈಮರ್ ಇಲ್ಲ, ಕೈಯಲ್ಲೇ ಪೇಜ್ ತೆಗೆದು ಆಫ್ ಮಾಡ್ಬೇಕು.

ಒಂದು ಸ್ಟಾರ್ ಹೋದದ್ದು ಇಂಥದ್ದಕ್ಕೇ. ಪೇಜ್ ಪೂರ್ತಿ ಇಂಗ್ಲಿಷ್, ಲಿಸ್ಟಲ್ಲಿ ಹತ್ತಾರು ಭಾಷೆ ಉಂಟು, ಕನ್ನಡ ಇಲ್ಲ, ಕ್ರೋಮಿನ ಟ್ರಾನ್ಸ್‌ಲೇಟ್ ಒತ್ತಿದ್ರೆ ಮೆನು ಒಂದರ ಮೇಲೆ ಒಂದು ಬಿದ್ದು ಸೇವ್ ಬಟನೇ ಕಾಣುದಿಲ್ಲ. ಸ್ವಲ್ಪ ಹೊತ್ತು ಮೌಸ್ ಅಲ್ಲಾಡಿಸ್ಲಿಲ್ಲ ಅಂದ್ರೆ ಲಾಗೌಟ್ ಮಾಡಿ ಬಿಡ್ತದೆ, ಸೇವ್ ಮಾಡದ್ದೆಲ್ಲ ಹೋಯ್ತು. ಒಂದು ಹೊತ್ತಿಗೆ ಒಬ್ಬರೇ ಲಾಗಿನ್ ಆಗ್ಬಹುದು, ಫೋನಲ್ಲಿ ತೆಗೆದಿಟ್ಟು ಮರೆತಿದ್ರೆ ಲ್ಯಾಪ್‌ಟಾಪಿಗೆ ಬಿಡುದಿಲ್ಲ. ವೈಫೈ ಹೆಸರು ಬದಲಿಸಿದ ಕೂಡ್ಲೇ ನೀವು ಕೂತ ಕನೆಕ್ಷನ್ನೇ ಕಟ್ ಆಗ್ತದೆ, ಅದು ಆಗ್ಲೇಬೇಕಾದ್ದು, ಆದ್ರೆ ಹೊಸ ಹೆಸರಿಗೆ ಹೋಗಿ ಕನೆಕ್ಟ್ ಆಗಿ ಅಂತ ಪೇಜಲ್ಲಿ ಒಂದು ಗೆರೆ ಬರ್ದಿದ್ರೆ ಇವರ ಗಂಟೇನು ಹೋಗ್ತಿತ್ತು? ಅದರ ಬದಲು ಸುತ್ತುವ ವೃತ್ತ, ಶೇಕಡಾ ನೂರಕ್ಕೆ ಬಂದು ಅಲ್ಲೇ ನಿಂತಿರ್ತದೆ. ಅದಕ್ಕೇ ಸೆಟಪ್ ಕೇಬಲಲ್ಲಿ ಮಾಡಿದ್ರೆ ಸುಖ ಅಂತ ನಾನು ಹೇಳುದು.

ಫರ್ಮ್‌ವೇರ್ (ರೂಟರಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬ್ರೌಸರಲ್ಲೇ ಒಂದು ಬಟನ್, ಮಾಡುವಾಗ ಕರೆಂಟ್ ಹೋಗ್ಬಾರ್ದು ಅಷ್ಟೇ, ಮಳೆ ಗುಡುಗು ಇಲ್ಲದ ಬೆಳಿಗ್ಗೆ ಹೊತ್ತು ನೋಡಿ ಮಾಡಿ. ಎಲ್ಲ ಸೆಟ್ ಆದ ಮೇಲೆ ಬ್ಯಾಕಪ್ ಒತ್ತಿದ್ರೆ ಒಂದು ಸಣ್ಣ ಫೈಲ್ ಡೌನ್‌ಲೋಡ್ ಆಗ್ತದೆ, ಮುಂದೆ ಯಾರಾದ್ರೂ ಹಿಂದಿನ ತೂತಿಗೆ ಪಿನ್ ಚುಚ್ಚಿ ರಿಸೆಟ್ ಮಾಡಿದ್ರೂ ಆ ಫೈಲ್ ಹಾಕಿದ್ರೆ ಎಲ್ಲ ವಾಪಸ್. ರಿಮೋಟ್ ಮ್ಯಾನೇಜ್‌ಮೆಂಟ್, ಅಂದ್ರೆ ಮನೆ ಹೊರಗಿಂದ ಈ ಪೇಜ್ ತೆಗೆಯುದು, ಇದರಲ್ಲಿ ಮೊದಲಿಂದಲೇ ಆಫ್, ಹಾಗೇ ಇರ್ಲಿ.

ಕೆಲಸ ಹೇಗೆ ಮಾಡ್ತದೆ ಅಂದ್ರೆ, ಪಡಸಾಲೆಯಲ್ಲಿ 5 ಗಿಗಾಹರ್ಟ್ಸಲ್ಲಿ ನಮ್ಮ ಪ್ಲ್ಯಾನಿನ ಪೂರ್ತಿ ಸ್ಪೀಡ್ ಸಿಗ್ತದೆ, ಒಂದು ಕೆಂಪು ಕಲ್ಲಿನ ಗೋಡೆ ದಾಟಿದ್ರೆ ಪರ್ವಾಗಿಲ್ಲ, ಎರಡು ದಾಟಿದ್ರೆ 5 ಮುಗೀತು, 2.4ಕ್ಕೆ ಬರ್ಬೇಕು. ಇದು ರೂಟರಿನ ತಪ್ಪಲ್ಲ, ಇನ್ನೂ ನಾಲ್ಕು ಆಂಟೆನಾ ಹಾಕಿದ್ರೂ ಈ ಗೋಡೆ ಬಿಡುದಿಲ್ಲ. ಬಾಗಿಲಿನ ನೇರಕ್ಕೆ ಸ್ವಲ್ಪ ಎತ್ತರದಲ್ಲಿ ಇಟ್ರೆ ವ್ಯತ್ಯಾಸ ಗೊತ್ತಾಗ್ತದೆ. ಟಿವಿ ಹಿಂದೆ, ಗೋದ್ರೇಜ್ ಕಪಾಟಿನ ಮೇಲೆ ಇಡ್ಬೇಡಿ. ಕರೆಂಟ್ ಹೋದಾಗ ಬಾಕ್ಸೂ ರೂಟರೂ ಎರಡೂ ಬೇಕಾಗ್ತದೆ, ಎರಡರ ಅಡಾಪ್ಟರೂ 12 ವೋಲ್ಟ್ ಅಂತ ನೋಡಿ ಒಂದು ಮಿನಿ ಯುಪಿಎಸ್ ಹಾಕಿದ್ರೆ ಆಫೀಸ್ ಕಾಲ್ ಕಟ್ ಆಗುದಿಲ್ಲ. ಗುಡುಗು ಶುರು ಆದ್ರೆ ಮಾತ್ರ ಯುಪಿಎಸ್ ಉಂಟು ಅಂತ ಕೂತ್ಕೊಳ್ಬೇಡಿ, ಪ್ಲಗ್ ಎಳೀರಿ, ಫೈಬರ್ ಗಾಜಿನದ್ದಾದ್ರೂ ಅಟ್ಟದ ಮೇಲಿನ ಲ್ಯಾನ್ ಕೇಬಲ್ಲು ತಾಮ್ರದ್ದೇ, ನಮ್ಮ ಊರಿನ ಮೇ ತಿಂಗಳ ಸಿಡಿಲಿಗೆ ಪೋರ್ಟ್ ಸುಟ್ಟು ಹೋದ ರೂಟರ್‌ಗಳು ರಿಪೇರಿ ಅಂಗಡಿಯಲ್ಲಿ ರಾಶಿ ಬಿದ್ದಿರ್ತವೆ, ಸಿಡಿಲಿಗೆ ಹೋದದ್ದಕ್ಕೆ ವಾರಂಟಿ ಕೊಡುದೂ ಇಲ್ಲ.

ಇಬ್ಬರು ಮೂವರು ಇರುವ ಮನೆ, 200-300 ಎಂಬಿಪಿಎಸ್ ಒಳಗಿನ ಪ್ಲ್ಯಾನ್ ಆದ್ರೆ ಧೈರ್ಯವಾಗಿ ತಗೊಳ್ಳಿ. ಎರಡು ಮಾಳಿಗೆಯ ದೊಡ್ಡ ಮನೆಯಾದ್ರೆ ಇದೊಂದು ಸಾಕಾಗ್ಲಿಕ್ಕಿಲ್ಲ, ಎರಡು ಪೀಸಿನ ಮೆಶ್ (ಒಂದೇ ವೈಫೈಯನ್ನು ಮನೆ ತುಂಬ ಹಂಚುವ ರೂಟರ್ ಜೋಡಿ) ನೋಡುದು ಒಳ್ಳೆದು. ಅಂಗಡಿಯಲ್ಲಿ ತಗೊಳ್ಳುವಾಗ ಬಿಲ್ಲಲ್ಲಿ ರೂಟರಿನ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ವಾರಂಟಿಗೆ ಹೋದ್ರೆ ಅಡಿಯ ಸ್ಟಿಕ್ಕರಿನ ನಂಬರೂ ಬಿಲ್ಲಿಂದೂ ತಾಳೆ ನೋಡ್ತಾರೆ, ನಮಗೆ ಕೊಟ್ಟ ಬಿಲ್ಲಲ್ಲಿ ಬರೀ "ರೂಟರ್ 1" ಅಂತ ಇತ್ತು, ಅಲ್ಲೇ ನಿಂತು ಬರೆಸಿ ತಂದೆ.